ಉಬ್ಬರವಿಳಿತಗಳ ನಡುವೆ ಬಾಳುವೆ

"ಈಗ ಪೂರ್ತಿ ಗುಣವಾಯಿತೆ?"

ಮನೋರೋಗದ ಆಸ್ಪತ್ರೆಯಿಂದ ಹಿಂದಿರುಗಿದವರನ್ನು ನೋಡಲು ಬರುವ ನಂಟರಿಷ್ಟರು ಕಾಫಿಯ ಲೋಟವನ್ನು ಕೆಳಗಿಡುವುದಕ್ಕೆ ಮೊದಲೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಕೆಡುಕೇನೂ ಇಲ್ಲ. ವಿಷಮಶೀತಜ್ವರ ಬಂದರೆ ಇಳಿದುಹೋಗುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಮನಸ್ಸಿನ ಕಾಯಿಲೆಯೂ ಅದೇ ಲೆಕ್ಕದಲ್ಲಿ ಒಂದು ದಿನ ಬಂದು ಇನ್ನೊಂದು ದಿನ ಹೋಗತಕ್ಕದ್ದೆಂದು ಅವರ ಎಣಿಕೆ. ಆದರೆ ಕೆಲವು ಕಾಯಿಲೆಗಳ ವಿಚಾರದಲ್ಲಿ ಮನೆಯವರು ಹೌದೆಂದರೂ ಸುಳ್ಳಾಗುತ್ತದೆ, ಇಲ್ಲವೆಂದರೂ ಸುಳ್ಳಾಗುತ್ತದೆ. ಮಧುಮೇಹವಿರುವವರನ್ನು ಯಾರೂ ಗುಣವಾಯಿತೆ ಎಂದು ವಿಚಾರಿಸುವುದಿಲ್ಲ. ಸಕ್ಕರೆ ಹತೋಟಿಯಲ್ಲಿದೆಯೆ ಎಂದು ವಿಚಾರಿಸುತ್ತಾರೆ. ಬೈಪೋಲಾರ್ ಎಂದು ವೈದ್ಯರು ಕರೆಯುವ ಕಾಯಿಲೆಯ ಬಗೆಗೆ ಕೇಳಬೇಕಾದ ಪ್ರಶ್ನೆಯೂ ಆ ಜಾತಿಯದೇ.

ಈ ಹೆಸರಿನಲ್ಲಿರುವ ಎರಡು ಧ್ರುವಗಳಲ್ಲಿ ಒಂದು ಮೇನಿಯ, ಎಂದರೆ ಮನಸ್ಸಿನ ಉಬ್ಬರ. ಇನ್ನೊಂದು ಖಿನ್ನತೆ, ಅದರ ಇಳಿತ. ಉಬ್ಬರದ ದಿನಗಳಲ್ಲಿ ಮನುಷ್ಯನಿಗೆ ಮೂರು ಗಂಟೆಯ ನಿದ್ರೆ ಸಾಕೆನಿಸುತ್ತದೆ, ಆದರೂ ಆಯಾಸವಿಲ್ಲ. ಮಾತಿನ ಮೇಲೆ ಮಾತು ನುಗ್ಗುತ್ತದೆ. ಹತ್ತು ವರ್ಷ ಲೆಡ್ಜರು ಬರೆದುಕೊಂಡು ತೆಪ್ಪಗಿದ್ದ ಬ್ಯಾಂಕಿನ ನೌಕರ ಒಂದು ಮುಂಜಾನೆ ರಾಜೀನಾಮೆ ಕೊಟ್ಟು ಮೂರು ಊರುಗಳಲ್ಲಿ ಹೋಟೆಲು ತೆರೆಯುವುದಾಗಿ ಹೊರಡುತ್ತಾನೆ. ಅಡ್ಡಬಂದ ಹೆಂಡತಿ ಅವನ ಕಣ್ಣಿಗೆ ಶತ್ರುವಾಗುತ್ತಾಳೆ. ಇದು ಒಂದು ವಾರವೋ ಅದಕ್ಕೂ ಹೆಚ್ಚೋ ಎಡೆಬಿಡದೆ ನಡೆಯುತ್ತದೆ. ಇಳಿತ ಬಂದಾಗ ಅದೇ ಮನುಷ್ಯನಿಗೆ ಹಾಸಿಗೆಯಿಂದೆದ್ದು ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತೆ. ತಾನು ಬದುಕಿರುವುದೇ ಮನೆಯವರಿಗೆ ಹೊರೆಯೆಂಬ ಭಾವನೆ ವಾರಗಟ್ಟಲೆ ಬಿಡದು. ಇವೆರಡರ ನಡುವೆ ತಿಂಗಳುಗಳು, ಎಷ್ಟೋ ವೇಳೆ ವರ್ಷಗಳು, ಅವನು ಎಲ್ಲರಂತೆ ಇರುತ್ತಾನೆ. ಈ ನಡುವಣ ಕಾಲವನ್ನು ಉದ್ದಮಾಡುವುದೇ ಚಿಕಿತ್ಸೆಯ ಗುರಿ. ಈಚೆಗೆ ಈ ಹೆಸರನ್ನು ಬೈಗುಳದಂತೆ ಬಳಸುವ ಚಾಳಿ ಪಟ್ಟಣಗಳಲ್ಲಿ ಕಾಣಿಸಿಕೊಂಡಿದೆ. ಬೆಳಿಗ್ಗೆ ನಕ್ಕು ಸಂಜೆ ಮುನಿಸಿಕೊಂಡವರೆಲ್ಲ ಈ ಕಾಯಿಲೆಯವರಾದರೆ ಸಂಸಾರಸ್ಥರಲ್ಲಿ ಒಬ್ಬರೂ ಉಳಿಯಲಾರರು. ಭಾರತದಲ್ಲಿ ನಿಜವಾಗಿ ಈ ಕಾಯಿಲೆಯುಳ್ಳವರು ೨೦೧೭ರ ಅಂದಾಜಿನಂತೆ ೭೬ ಲಕ್ಷ ಮಂದಿ. ಆ ಸಂಖ್ಯೆಯನ್ನು ಹೆಚ್ಚಿಸಬೇಕಾದ ಅಗತ್ಯ ಇಲ್ಲ.

ಒಂದೇ ಕಾಯಿಲೆಗೆ ಎರಡು ಮುಖವೆಂಬುದನ್ನು ೧೮೫೪ರಲ್ಲಿ ಪ್ಯಾರಿಸ್ಸಿನ ಇಬ್ಬರು ವೈದ್ಯರು, ಫಾಲ್ರೆ ಮತ್ತು ಬೈಯಾರ್ಜೆ, ಬೇರೆಬೇರೆಯಾಗಿ ಹೇಳಿದರು. ಮೊದಲು ಹೇಳಿದವರು ಯಾರೆಂದು ಜಗಳವನ್ನೂ ಆಡಿದರು. ಜರ್ಮನಿಯ ಕ್ರೇಪೆಲಿನ್ ೧೮೯೯ರಲ್ಲಿ ಅದನ್ನು ಇತರ ಉನ್ಮಾದಗಳಿಂದ ಬೇರ್ಪಡಿಸಿದನು. ಈಗಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯನ್ನು ಸೇರಿದ್ದು ೧೯೮೦ರಲ್ಲಿ. ಹೆಸರಿನ ಕಥೆ ಇಷ್ಟು ಸಾಕು. ಔಷಧದ ಕಥೆ ಇದಕ್ಕಿಂತ ಸ್ವಾರಸ್ಯವಾದುದು.

ಆಸ್ಟ್ರೇಲಿಯದ ಜಾನ್ ಕೇಡ್ ಮಾನಸಿಕ ಆಸ್ಪತ್ರೆಗಳ ಆವರಣದಲ್ಲಿಯೇ ಆಡಿ ಬೆಳೆದವರು. ಅವರ ತಂದೆ ಅಂಥ ಆಸ್ಪತ್ರೆಗಳ ಮೇಲ್ವಿಚಾರಕರಾಗಿದ್ದ ವೈದ್ಯರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಸಿಕ್ಕು ಮೂರು ವರ್ಷಕ್ಕೂ ಮಿಕ್ಕಿ ಸಿಂಗಪುರದ ಚಾಂಗಿಯಲ್ಲಿ ಕಳೆದು, ಕೃಶರಾಗಿ ಊರಿಗೆ ಮರಳಿದರು. ಮೆಲ್ಬರ್ನಿನ ಬಂಡೂರಾ ಆಸ್ಪತ್ರೆಯಲ್ಲಿ ಅವರಿಗೆ ದೊರೆತ ಪ್ರಯೋಗಶಾಲೆಯೆಂದರೆ ಬಳಕೆ ತಪ್ಪಿದ್ದ ಒಂದು ಉಗ್ರಾಣದ ಕೋಣೆ. ಮೇನಿಯ ಇರುವವರ ದೇಹದಲ್ಲಿ ಏನೋ ಒಂದು ವಿಷ ಹೆಚ್ಚಾಗಿ ಮೂತ್ರದಲ್ಲಿ ಹೊರಬರುತ್ತಿರಬೇಕೆಂದು ಅವರ ಊಹೆ. ಆ ಮೂತ್ರವನ್ನು ಗಿನಿಯಿಲಿಗಳಿಗೆ ಚುಚ್ಚಿ ನೋಡುತ್ತಿದ್ದರು. ಯೂರಿಕ್ ಆಮ್ಲವು ನೀರಿನಲ್ಲಿ ಕರಗದೆ ತೊಂದರೆ ಕೊಟ್ಟಾಗ, ಕರಗುವ ರೂಪಕ್ಕಾಗಿ ಅದರ ಲಿಥಿಯಂ ಲವಣವನ್ನು ಹಿಡಿದರು. ಇಲಿಗಳು ನಿರೀಕ್ಷಿಸಿದಂತೆ ಕೆರಳಲಿಲ್ಲ. ಬೆನ್ನಮೇಲೆ ಮಲಗಿಸಿದರೂ ಕಣ್ಣು ಬಿಟ್ಟುಕೊಂಡು ಸುಮ್ಮನೆ ಬಿದ್ದಿದ್ದವು. ಊಹೆ ತಪ್ಪಾಗಿತ್ತು, ಅದರ ದಾರಿಯಲ್ಲಿ ಸಿಕ್ಕಿದ ವಸ್ತು ಮಾತ್ರ ಸರಿಯಾಗಿತ್ತು. ಡಾ. ಕೇಡ್ ಮೊದಲು ಆ ಲವಣವನ್ನು ತಾವೇ ಸೇವಿಸಿ, ಅಪಾಯವಿಲ್ಲವೆಂದು ಕಂಡ ಮೇಲೆ ರೋಗಿಗಳಿಗೆ ಕೊಟ್ಟರು.

ಮೊದಲನೆಯ ರೋಗಿ ೫೧ ವರ್ಷದವನು. ಐದು ವರ್ಷಗಳಿಂದ ಮೇನಿಯ ಇಳಿದಿರಲಿಲ್ಲ. ಇಡೀ ವಾರ್ಡಿಗೆ ಅವನಷ್ಟು ಕಾಟ ಕೊಡುವವನು ಇನ್ನೊಬ್ಬನಿರಲಿಲ್ಲ. ೧೯೪೮ರ ಮಾರ್ಚಿ ತಿಂಗಳ ಕೊನೆಯಲ್ಲಿ ಔಷಧ ಆರಂಭವಾಯಿತು. ಕೆಲವೇ ವಾರಗಳಲ್ಲಿ ಅವನನ್ನು ಚೇತರಿಸಿಕೊಳ್ಳುವವರ ವಾರ್ಡಿಗೆ ಕಳುಹಿಸಿದರು. ಜುಲೈ ತಿಂಗಳಲ್ಲಿ ಮನೆಗೆ ಹೋದ. ಹಳೆಯ ಕೆಲಸಕ್ಕೆ ಸೇರಿದ. ಡಾ. ಕೇಡ್ ೧೯೪೯ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಲೇಖನ ವೈದ್ಯಶಾಸ್ತ್ರದಲ್ಲಿ ಹೊಸ ಅಧ್ಯಾಯವನ್ನು ತೆರೆಯಿತೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ.

ಪುಸ್ತಕಗಳು ಅಷ್ಟಾಗಿ ಹೇಳದಿರುವುದು ಆ ರೋಗಿಯ ಮುಂದಿನ ಕಥೆ. ಮನೆಯಲ್ಲಿ ಆರಾಮವಾಗಿದ್ದುದರಿಂದಲೇ ಅವನು ಮಾತ್ರೆಯ ವಿಷಯದಲ್ಲಿ ಉದಾಸೀನನಾದ. ಇಂದು ನಾಳೆ ಎಂದು ಬಿಡುತ್ತಬಿಡುತ್ತ ಕಡೆಗೆ ನಿಲ್ಲಿಸಿಯೇಬಿಟ್ಟ. ಆರು ತಿಂಗಳು ಕಳೆಯುವುದರೊಳಗೆ ಹಿಂದಿನ ಅವಸ್ಥೆಯಲ್ಲಿಯೇ ಆಸ್ಪತ್ರೆಗೆ ಬಂದ. ಮತ್ತೆ ಲಿಥಿಯಂ, ಮತ್ತೆ ಚೇತರಿಕೆ, ಮತ್ತೆ ವಿಷಮ. ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಅಳೆಯುವ ಪದ್ಧತಿ ಆಗ ಅಲ್ಲಿ ಇರಲಿಲ್ಲ. ೧೯೫೦ರಲ್ಲಿ ಆ ಔಷಧವೇ ಮೈಯಲ್ಲಿ ಮಿತಿಮೀರಿ ಅವನು ತೀರಿಹೋದ. ಈ ಕಾಯಿಲೆಯವರು ಇಂದಿಗೂ ಎಚ್ಚರವಾಗಿರಬೇಕಾದ ಎರಡು ತಾಣಗಳೂ ಆ ಒಬ್ಬ ಮನುಷ್ಯನ ಎರಡು ವರ್ಷಗಳಲ್ಲಿ ಬಂದುಹೋದವು: ಗುಣವಾದಂತಾದಾಗ ಮಾತ್ರೆ ಬಿಡುವುದು ಒಂದು, ಅಳತೆಯಿಲ್ಲದೆ ಮಾತ್ರೆ ನುಂಗುವುದು ಇನ್ನೊಂದು.

ಮೊದಲನೆಯದಕ್ಕೆ ಸಾಕ್ಷ್ಯ ಒದಗಿಸಿದವರು ಡೆನ್ಮಾರ್ಕಿನವರು. ಅಲ್ಲಿನ ಡಾ. ಮೊಗೆನ್ಸ್ ಶೌ ಅವರ ಒಡಹುಟ್ಟಿದ ತಮ್ಮನೇ ಮರುಕಳಿಸುವ ಖಿನ್ನತೆಯಿಂದ ನರಳಿದವನು. ಆದುದರಿಂದ ಈ ಔಷಧ ಅವರಿಗೆ ಬರಿಯ ಪ್ರಬಂಧದ ವಸ್ತುವಾಗಿರಲಿಲ್ಲ. ೧೯೭೦ರಲ್ಲಿ ಅವರೂ ಅವರ ಸಂಗಡಿಗರೂ ಲಿಥಿಯಂ ಸೇವಿಸಿ ಸ್ವಸ್ಥರಾಗಿದ್ದವರಲ್ಲಿ ಕೆಲವರಿಗೆ ಅದನ್ನೇ ಮುಂದುವರಿಸಿ, ಉಳಿದವರಿಗೆ ನೋಡಲು ಅದರಂತೆಯೇ ಇದ್ದ ಹುಸಿಮಾತ್ರೆ ಕೊಟ್ಟ ಪ್ರಯೋಗದ ಫಲವನ್ನು ಹೊರಪಡಿಸಿದರು. ಐದು ತಿಂಗಳಲ್ಲಿ ಹುಸಿಮಾತ್ರೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಮರುಕಳಿಸಿತ್ತು. ಲಿಥಿಯಂ ಮುಂದುವರಿಸಿದವರಲ್ಲಿ ಒಬ್ಬರಿಗೂ ಇಲ್ಲ. ಅಮೆರಿಕದ ಸರ್ಕಾರ ಲಿಥಿಯಮ್ಮಿಗೆ ಒಪ್ಪಿಗೆ ಕೊಟ್ಟುದು ಅದೇ ವರ್ಷ. ಆ ದೇಶದ ಕವಿ ರಾಬರ್ಟ್ ಲೋವೆಲ್ ೧೯೬೭ರಲ್ಲಿಯೇ ಅದನ್ನು ಆರಂಭಿಸಿದ್ದ. ತನ್ನ ಬಾಳಿನ ಅಷ್ಟೂ ಸಂಕಟ ಒಂದು ಚಿಟಿಕೆ ಉಪ್ಪಿನ ಕೊರತೆಯಿಂದ ಬಂದುದೇ ಎಂದು ಅವನು ತನ್ನ ಪ್ರಕಾಶಕನಲ್ಲಿ ಹಲುಬಿದ್ದುಂಟು. ಕವಿಯ ಈ ಮಾತು ಮನಸ್ಸನ್ನು ಕಲಕುವುದಾದರೂ ಶಾಸ್ತ್ರಕ್ಕೆ ಒಪ್ಪುವುದಿಲ್ಲ. ಲಿಥಿಯಮ್ಮಿನ ಕೊರತೆಯಿಂದ ಈ ಕಾಯಿಲೆ ಬರುವುದಲ್ಲ. ತಲೆನೋವು ಬರುವುದು ಆಸ್ಪಿರಿನ್ನಿನ ಕೊರತೆಯಿಂದಲ್ಲವಷ್ಟೆ.

ಇಷ್ಟು ಸಾಕ್ಷ್ಯವಿದ್ದರೂ ಜನ ಮಾತ್ರೆ ಬಿಡುವುದೇಕೆ? ಬುದ್ಧಿಯಿಲ್ಲದೆ ಎಂದು ಮನೆಯವರು ತಿಳಿಯುತ್ತಾರೆ. ಹಾಗಲ್ಲವೆಂಬುದಕ್ಕೆ ಕೇ ರೆಡ್‌ಫೀಲ್ಡ್ ಜೇಮಿಸನ್ ಎಂಬಾಕೆಯ ಜೀವನಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ. ಆಕೆ ಮನಶ್ಶಾಸ್ತ್ರದಲ್ಲಿ ಪಂಡಿತೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ಮನೋವೈದ್ಯ ವಿಭಾಗದ ಪ್ರಾಧ್ಯಾಪಿಕೆ. ಇದೇ ಕಾಯಿಲೆಯ ಮೇಲೆ ೧೯೯೦ರಲ್ಲಿ ಫ್ರೆಡರಿಕ್ ಗುಡ್‌ವಿನ್ ಅವರೊಡನೆ ಆಕೆ ಬರೆದ ಬೃಹದ್ಗ್ರಂಥವನ್ನು ವೈದ್ಯರು ಪ್ರಮಾಣವೆಂದು ಬಳಸಿದರು. ೧೯೯೫ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಆಕೆ ತಾನೂ ಆ ಕಾಯಿಲೆಯವಳೇ ಎಂದು ಲೋಕಕ್ಕೆ ತಿಳಿಸಿದಳು. ಹದಿನೇಳರ ಸುಮಾರಿನಲ್ಲಿ ಮೊದಲ ಬಾರಿ ಬಂದ ಕಾಯಿಲೆ ೧೯೭೪ರಲ್ಲಿ, ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ, ಪೂರ್ಣಸ್ವರೂಪದ ಮೇನಿಯವಾಗಿ ತಲೆಯೆತ್ತಿತು. ಕೈಗಡಿಯಾರಗಳು, ಹರಳುಗಳು, ಬೇಡವಾದ ಪೀಠೋಪಕರಣಗಳು, ಹಾವು ಕಡಿದರೆ ಬೇಕಾಗುವ ಔಷಧದ ಪೆಟ್ಟಿಗೆಗಳು—ಕಂಡುದೆಲ್ಲವನ್ನೂ ಆಕೆ ಕೊಂಡಳು. ಉಬ್ಬರ ಇಳಿದ ಮೇಲೆ ಅಣ್ಣ ಬಂದು ಬಿಲ್ಲುಗಳ ರಾಶಿಯ ಮುಂದೆ ಕುಳಿತು ಲೆಕ್ಕ ಬಿಡಿಸಿ, ಸಾಲ ತೀರಿಸಲು ನೆರವಾದ.

ಇಂಥಾಕೆ, ಇನ್ನೊಬ್ಬರಿಗೆ ಈ ಔಷಧದ ಗುಣವನ್ನು ತಿಳಿಸಿ ಹೇಳಬಲ್ಲಾಕೆ, ತಾನು ಮಾತ್ರ ಬಹುಕಾಲ ಲಿಥಿಯಮ್ಮಿನೊಡನೆ ಹೋರಾಡಿದಳು. ಕಾರಣಗಳು ಅಲ್ಪವಲ್ಲ. ಅಂದಿನ ಹೆಚ್ಚಿನ ಪ್ರಮಾಣದಲ್ಲಿ ಅದು ವಾಂತಿ ತರುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಓದುವ ಶಕ್ತಿಯನ್ನು ಕಸಿದುಕೊಂಡಿತು. ಒಂದು ಪುಟ ಮುಗಿಯುವುದರೊಳಗೆ ಮೊದಲ ಸಾಲು ಮರೆತುಹೋಗುತ್ತಿತ್ತು. ಪುಸ್ತಕವೇ ಉಸಿರಾಗಿದ್ದವಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಗಂಭೀರ ಗ್ರಂಥವನ್ನು ಮೊದಲಿಂದ ಕೊನೆಯವರೆಗೆ ಓದಲಾರದೆ ಮಕ್ಕಳ ಕಥೆಗಳಿಗೆ ಇಳಿಯಬೇಕಾಯಿತು. ಇದಲ್ಲದೆ ಉಬ್ಬರದ ಮೊದಲ ದಿನಗಳಿಗೆ ಒಂದು ಸೊಗಸುಂಟು. ಬುದ್ಧಿ ಚುರುಕಾಗುತ್ತದೆ, ಜಗತ್ತು ಹೊಸದಾಗಿ ಬಣ್ಣ ಹಚ್ಚಿಕೊಂಡಂತೆ ತೋರುತ್ತದೆ. ಅದನ್ನು ಒಮ್ಮೆ ಕಂಡವರಿಗೆ ಸಾಮಾನ್ಯ ದಿನದ ಬೆಳಕು ಮಂಕೆನಿಸಿದರೆ ಅವರನ್ನು ಹೀಗಳೆಯುವಂತಿಲ್ಲ. ಮಾತ್ರೆ ನುಂಗುವುದೆಂದರೆ ದೋಷವನ್ನು ಮಾತ್ರ ಬಿಡುವುದಲ್ಲ, ತನಗೆ ಪ್ರಿಯವಾದುದೊಂದನ್ನು ಬಿಟ್ಟುಕೊಡುವುದೂ ಹೌದು. ಇದನ್ನು ಅರಿಯದೆ ಕೊಡುವ ಉಪದೇಶ ಕಿವಿಯವರೆಗೂ ಹೋಗದು.

ಬಿಟ್ಟುದರ ಫಲವನ್ನು ಆಕೆ ಅನುಭವಿಸಿದಳು. ತಿಂಗಳುಗಟ್ಟಲೆಯ ಕಡುಖಿನ್ನತೆ ಬಂದು, ಪ್ರಾಣವನ್ನೇ ಕಳೆದುಕೊಳ್ಳುವವರೆಗೆ ಹೋಗಿ, ಕೂದಲೆಳೆಯಲ್ಲಿ ಉಳಿದಳು. ಆ ಕಾಲದಲ್ಲಿ ತಾಯಿ ಅಡಿಗೆ ಮಾಡಿ ಬಡಿಸಿದರು, ಬಟ್ಟೆ ಒಗೆದುಕೊಟ್ಟರು, ವೈದ್ಯರ ಬಿಲ್ಲಿಗೆ ಹಣ ಕೊಟ್ಟರು. ಆತ್ಮಕಥೆಯಲ್ಲಿ ಈ ಸಣ್ಣ ಕೆಲಸಗಳಿಗೆ ದೊಡ್ಡ ಸ್ಥಾನವಿದೆ. ಮುಂದೆ ಔಷಧವನ್ನು ತಪ್ಪದೆ ಸೇವಿಸುತ್ತ ಬಂದ ಮೇಲೆ ವೈದ್ಯರ ಸಮ್ಮತಿಯಿಂದ ಪ್ರಮಾಣ ತಗ್ಗಿತು. ಓದುವ ಶಕ್ತಿ ಮರಳಿತು. ಬಿಡುವುದಕ್ಕೂ ತಗ್ಗಿಸುವುದಕ್ಕೂ ಇರುವ ಅಂತರ ಇದು. ಕೈ ನಡುಗುತ್ತದೆ, ಮೈ ಬರುತ್ತದೆ, ಮಂಕು ಕವಿಯುತ್ತದೆ ಎಂದು ವೈದ್ಯರ ಮುಂದೆ ದೂರಿಕೊಂಡರೆ ಪ್ರಮಾಣವನ್ನೋ ವೇಳೆಯನ್ನೋ ಔಷಧವನ್ನೇ ಆಗಲಿ ಬದಲಾಯಿಸಬಹುದು. ಈಗ ಲಿಥಿಯಂ ಒಂದೇ ಅಲ್ಲ. ವಾಲ್ಪ್ರೋಯೇಟ್, ಲಾಮೋಟ್ರಿಜಿನ್, ಕ್ವೆಟಿಯಾಪಿನ್ ಮೊದಲಾದವೂ ಉಂಟು. ಹೇಳಿಕೊಳ್ಳದೆ ಒಳಗೊಳಗೇ ನಿಲ್ಲಿಸಿದರೆ ವೈದ್ಯರು ಮಾಡಬಹುದಾದುದು ಏನೂ ಇಲ್ಲ.

ಲಿಥಿಯಂ ಸೇವಿಸುವವರ ಮನೆಯ ಅಡಿಗೆಮನೆಗೂ ಒಂದೆರಡು ಮಾತು ತಿಳಿದಿರಬೇಕು. ಮೂತ್ರಪಿಂಡವು ಲಿಥಿಯಮ್ಮನ್ನು ಬಹುಮಟ್ಟಿಗೆ ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಮ್ಮಿನಂತೆಯೇ ನಡೆಸಿಕೊಳ್ಳುತ್ತದೆ. ಮೈಯಲ್ಲಿ ಉಪ್ಪು ಅಥವಾ ನೀರು ಕಡಮೆಯಾದರೆ ಸೋಡಿಯಮ್ಮನ್ನು ಬಿಗಿಹಿಡಿಯುವ ಭರದಲ್ಲಿ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದು ಏರುತ್ತದೆ. ಅತ್ತೆಯವರಿಗೆ ರಕ್ತದೊತ್ತಡವೆಂದು ಇಡೀ ಮನೆಯ ಸಾರಿಗೆ ಥಟ್ಟನೆ ಉಪ್ಪು ತಗ್ಗಿಸಿದಾಗ ಸೊಸೆಯ ಲಿಥಿಯಂ ಏರುವುದುಂಟೆಂದು ಯಾರು ತಾನೇ ಊಹಿಸಿಯಾರು? ಕಲಬುರಗಿ, ರಾಯಚೂರುಗಳ ಏಪ್ರಿಲ್ ತಿಂಗಳ ಬೆವರು, ನೀರನ್ನೂ ಮುಟ್ಟದ ಏಕಾದಶಿಯ ಉಪವಾಸ, ಮಕ್ಕಳಿಂದ ಅಂಟಿಕೊಂಡ ವಾಂತಿಭೇದಿ, ಮಂಡಿನೋವಿಗೆಂದು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಐಬುಪ್ರೊಫೇನ್ ಜಾತಿಯ ಮಾತ್ರೆ, ರಕ್ತದೊತ್ತಡದ ಕೆಲವು ಔಷಧಗಳು—ಇವುಗಳಲ್ಲಿ ಯಾವುದಾದರೂ ಅದೇ ಫಲವನ್ನು ಕೊಡಬಹುದು. ಕೈ ಹೆಚ್ಚಾಗಿ ನಡುಗಿ, ವಾಂತಿಯಾಗಿ, ನಡಿಗೆ ತೂರಾಡಿ, ಮಾತು ತೊದಲಿದರೆ 'ನಾಳೆ ನೋಡೋಣ' ಎನ್ನದೆ ಆಗಲೇ ಆಸ್ಪತ್ರೆಗೆ ಒಯ್ಯಬೇಕು. ಹೀಗಾಗದಂತೆ ಕಾಯುವುದು ರಕ್ತಪರೀಕ್ಷೆ. ಕೊನೆಯ ಮಾತ್ರೆ ನುಂಗಿದ ೧೨ ಗಂಟೆಗಳಿಗೆ ರಕ್ತ ಕೊಡಬೇಕು: ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಮಾತ್ರೆಗೆ ಮೊದಲು. ದೀರ್ಘಕಾಲದ ಸೇವನೆಯಲ್ಲಿ ಲೀಟರಿಗೆ ೦.೬ರಿಂದ ೦.೮ ಮಿಲಿಮೋಲ್ ಸಾಮಾನ್ಯವಾಗಿ ವೈದ್ಯರು ಬಯಸುವ ಮಟ್ಟ. ಥೈರಾಯಿಡ್ ಮತ್ತು ಮೂತ್ರಪಿಂಡಗಳ ಪರೀಕ್ಷೆಯನ್ನೂ ಸುಮಾರು ಆರು ತಿಂಗಳಿಗೊಮ್ಮೆ ಮಾಡಿಸುವುದು ವಾಡಿಕೆ.

ಔಷಧದ ಅನಂತರದ ಸ್ಥಾನ ನಿದ್ರೆಗೆ ಸಲ್ಲುತ್ತದೆ. ನಿದ್ರೆ ಕೆಟ್ಟರೆ ಅದು ಉಬ್ಬರ ಬರುತ್ತಿರುವುದರ ಸೂಚನೆಯಾಗಬಹುದು. ಉಬ್ಬರವನ್ನು ಕರೆತರುವ ಕಾರಣವೂ ಆಗಬಹುದು. ಪಿಟ್ಸ್‌ಬರ್ಗಿನ ಎಲೆನ್ ಫ್ರಾಂಕ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನೇ ಹಿಡಿದು ಒಂದು ಚಿಕಿತ್ಸಾಕ್ರಮವನ್ನು ಕಟ್ಟಿದರು. ದಿನದಲ್ಲಿ ಐದು ಗೂಟಗಳನ್ನು ನೆಡಬೇಕು: ಹಾಸಿಗೆಯಿಂದ ಏಳುವ ವೇಳೆ, ಮತ್ತೊಬ್ಬರೊಡನೆ ಮೊದಲ ಮಾತಿನ ವೇಳೆ, ಕೆಲಸಕ್ಕೆ ತೊಡಗುವ ವೇಳೆ, ರಾತ್ರಿಯ ಊಟದ ವೇಳೆ, ಮಲಗುವ ವೇಳೆ. ಈ ಐದೂ ದಿನದಿನವೂ ಹೆಚ್ಚುಕಡಮೆ ಒಂದೇ ಗಳಿಗೆಗೆ ನಡೆಯುವಂತೆ ನೋಡಿಕೊಳ್ಳಬೇಕು. ಕೇಳುವುದಕ್ಕೆ ಇದು ಅಜ್ಜಿಯ ಬುದ್ಧಿವಾದದಂತಿದೆ. ಆದರೆ ಅಜ್ಜಿಯ ಕಾಲದ ಮನೆಯಲ್ಲಿ ಹಾಲಿನವನೂ ಶಾಲೆಯ ಗಂಟೆಯೂ ದೀಪ ಹಚ್ಚುವ ಹೊತ್ತೂ ತಾವಾಗಿಯೇ ನೆಡುತ್ತಿದ್ದ ಗೂಟಗಳನ್ನು ಇಂದು ಕೈಯಾರೆ ನೆಡಬೇಕಾಗಿದೆ. ಬೆಂಗಳೂರಿನ ಕಂಪೆನಿಗಳಲ್ಲಿ ಅಮೆರಿಕದ ಹಗಲಿಗೆ ಸರಿಯಾಗಿ ರಾತ್ರಿ ದುಡಿಯುವ ತರುಣನಿಗೆ ಪಾಳಿ ಬದಲಾಯಿಸಿಕೊಳ್ಳುವುದು ಸೋಮಾರಿತನವಲ್ಲ, ಔಷಧದ ಒಂದು ಭಾಗ.

ಈ ನಾಡಿನಲ್ಲಿ ನಿದ್ರೆ ಕೆಡಿಸುವ ಪುಣ್ಯಸಂದರ್ಭಗಳಿಗೂ ಬರವಿಲ್ಲ. ಶಿವರಾತ್ರಿಯ ಜಾಗರಣೆ, ಬೆಳಗಿನವರೆಗೆ ನಡೆಯುವ ಯಕ್ಷಗಾನದ ಆಟ, ಹುಬ್ಬಳ್ಳಿಗೆ ರಾತ್ರಿಯ ಬಸ್ಸು, ಬ್ರಾಹ್ಮೀಮುಹೂರ್ತಕ್ಕೆ ಇಟ್ಟುಕೊಂಡ ಲಗ್ನ. ಇವನ್ನೆಲ್ಲ ಬಿಟ್ಟು ಸಂನ್ಯಾಸಿಯಂತಿರಬೇಕೆಂದು ಯಾರೂ ಹೇಳಬೇಕಾಗಿಲ್ಲ. ಆಟವನ್ನು ಹನ್ನೊಂದರವರೆಗೆ ನೋಡಿ ಎದ್ದುಬರಬಹುದು. ಮದುವೆಗೆ ಒಂದು ದಿನ ಮೊದಲೇ ಹೋಗಿ, ಛತ್ರದ ಗದ್ದಲದಿಂದ ದೂರವಾದ ಒಂದು ಕೋಣೆಯನ್ನು ಕೇಳಿ ಪಡೆಯಬಹುದು. ಪೂಜೆಯನ್ನು ಸಂಜೆಗೇ ಮುಗಿಸಿ ಮಲಗಿದರೆ ಶಿವನು ಕೋಪಿಸಿಕೊಳ್ಳುವನೆಂದು ಭಾವಿಸುವುದು ಆತನ ದಯೆಯ ಬಗೆಗೆ ಅಪನಂಬಿಕೆಯಷ್ಟೆ.

ಇನ್ನು ಮನೆಯ ಮಾತು. ಕಾಯಿಲೆಯಿಂದೆದ್ದವರು ಅತಿಯಾಗಿ ಕೇಳಬೇಕಾಗುವ ಮಾತೊಂದಿದೆ: "ಇವತ್ತು ಮಾತ್ರೆ ತಗೊಂಡ್ಯೇನಮ್ಮ?" ಇದರಲ್ಲಿ ಪ್ರೀತಿಯಿದೆ, ಸಂದೇಹವಿಲ್ಲ. ಆದರೆ ಆ ಮಾತು ಬರುವ ಸಂದರ್ಭವನ್ನು ನೋಡಬೇಕು. ಮಗಳು ಹಾಡು ಗುನುಗಿಕೊಂಡು ಅಡಿಗೆಮನೆಗೆ ಬಂದಾಗ ತಾಯಿ ಇದನ್ನು ಕೇಳುತ್ತಾರೆ. ತಮ್ಮನು ತನ್ನ ಪೆನ್ನು ತೆಗೆದನೆಂದು ಅವಳು ರೇಗಿದಾಗ ತಂದೆ ಇದನ್ನೇ ಕೇಳುತ್ತಾರೆ. ನಕ್ಕರೆ ಉಬ್ಬರ, ಅತ್ತರೆ ಇಳಿತ, ರೇಗಿದರೆ ರೋಗ ಎಂದಾಗಿಬಿಟ್ಟ ಮೇಲೆ ಅವಳಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಕೋಪವೂ ಉಳಿಯುವುದಿಲ್ಲ. ಪೆನ್ನು ತೆಗೆದದ್ದು ತಮ್ಮನ ತಪ್ಪೇ ಆಗಿರಬಹುದಲ್ಲ! ಸದಾ ದೂಷಣೆ ಅಥವಾ ಅತಿಯಾದ ಕಾವಲು ಇರುವ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತದೆಂಬುದು ಹಲವಾರು ಅಧ್ಯಯನಗಳಿಂದ ತಿಳಿದುಬಂದಿರುವ ಸಂಗತಿ.

ಕಾವಲನ್ನು ಬಿಟ್ಟರೆ ಅಪಾಯ, ಇಟ್ಟರೆ ಅವಮಾನ. ಈ ಇಕ್ಕಟ್ಟಿಗೆ ದಾರಿಯೊಂದಿದೆ. ಆರೋಗ್ಯವಾಗಿರುವ ಕಾಲದಲ್ಲಿ, ಕಾಯಿಲೆಯವರೇ, ತಮ್ಮ ಉಬ್ಬರ ಹೇಗೆ ಆರಂಭವಾಗುತ್ತದೆಂಬುದನ್ನು ನೆನೆದು ಕಾಗದದ ಮೇಲೆ ಬರೆಯುವುದು. ಅದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಒಬ್ಬನು ಎರಡು ರಾತ್ರಿ ನಾಲ್ಕು ಗಂಟೆಗೇ ಎದ್ದು ಬೀರು ಜೋಡಿಸತೊಡಗುತ್ತಾನೆ. ಇನ್ನೊಬ್ಬಳು ಹತ್ತು ವರ್ಷದಿಂದ ಮಾತಿಲ್ಲದ ಗೆಳತಿಯರಿಗೆಲ್ಲ ಫೋನು ಮಾಡತೊಡಗುತ್ತಾಳೆ. ಮತ್ತೊಬ್ಬನಿಗೆ ಆಫೀಸಿನವರೆಲ್ಲ ಮಂದಮತಿಗಳಾಗಿ ಕಾಣುತ್ತಾರೆ. ಆ ಪಟ್ಟಿಯಲ್ಲಿರುವುದು ಕಂಡರೆ ಮಾತ್ರ ಮನೆಯವರು ಬಾಯಿಬಿಡಬಹುದು, ಇಲ್ಲದುದಕ್ಕೆ ಸುಮ್ಮನಿರಬೇಕು. ಕಂಡಾಗ ಏನು ಮಾಡಬೇಕು, ಯಾವ ವೈದ್ಯರಿಗೆ ಫೋನು ಮಾಡಬೇಕು ಎಂಬುದೂ ಅದೇ ಕಾಗದದಲ್ಲಿರಬೇಕು. ಇಂಗ್ಲೆಂಡಿನಲ್ಲಿ ೬೯ ಮಂದಿ ರೋಗಿಗಳನ್ನು ತೆಗೆದುಕೊಂಡು ೧೯೯೯ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ಮೊದಲ ಚಿಹ್ನೆಗಳನ್ನು ಗುರುತಿಸಿ ಕೂಡಲೇ ವೈದ್ಯರ ಬಳಿಗೆ ಹೋಗಲು ಕಲಿತವರಿಗೆ ಮುಂದಿನ ಮೇನಿಯ ಬಹಳ ತಡವಾಗಿ ಬಂದಿತು. ಖಿನ್ನತೆಯ ವಿಷಯದಲ್ಲಿ ಮಾತ್ರ ಅಷ್ಟು ಫಲ ಕಾಣಲಿಲ್ಲ. ಇಳಿತವು ಉಬ್ಬರದಂತೆ ಬಾಗಿಲು ತಟ್ಟಿ ಬರುವುದಿಲ್ಲ. ಖಿನ್ನತೆಗೆಂದು ಬರಿಯ ಖಿನ್ನತೆಯ ಮಾತ್ರೆಯನ್ನು ಕೊಂಡು ನುಂಗುವುದೂ ಈ ಕಾಯಿಲೆಯವರಿಗೆ ಸಲ್ಲದು. ಅದು ಕೆಲವರನ್ನು ನೇರವಾಗಿ ಉಬ್ಬರಕ್ಕೆ ಎತ್ತಿಹಾಕುತ್ತದೆ. ನಡುರಾತ್ರಿಯಲ್ಲಿ ಯಾರನ್ನು ಕೇಳಬೇಕೆಂದು ತೋಚದಿದ್ದಾಗ ಭಾರತ ಸರ್ಕಾರವು ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ, ೧೪೪೧೬ಕ್ಕೆ, ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ ಅದನ್ನು ಬೆದರಿಕೆಯೆಂದು ಎಣಿಸದೆ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರನ್ನು ಕಾಣಬೇಕು.

ಹಣದ ಏರ್ಪಾಡೂ ಆರೋಗ್ಯದ ದಿನಗಳಲ್ಲಿಯೇ ಆಗಬೇಕು. ದೊಡ್ಡ ಮೊತ್ತಕ್ಕೆ ಇಬ್ಬರ ಸಹಿ, ಮೊಬೈಲಿನಿಂದ ಕಳುಹಿಸುವ ಹಣಕ್ಕೆ ಒಂದು ಮಿತಿ. ಉಬ್ಬರದ ನಡುವೆ ಚೆಕ್ಕುಪುಸ್ತಕ ಕಸಿದುಕೊಂಡರೆ ಯುದ್ಧ. ಮೊದಲೇ ಒಪ್ಪಿ ಮಾಡಿಕೊಂಡರೆ ಅದು ಒಪ್ಪಂದ.

ಜೇಮಿಸನ್ ಇಂಥ ಒಪ್ಪಂದವನ್ನು ಇನ್ನೂ ದೂರ ಒಯ್ದಳು. ಮುಂದೆಂದಾದರೂ ಕಡುಖಿನ್ನತೆ ಬಂದು ತಾನು ಬೇಡವೆಂದರೂ, ಆಸ್ಪತ್ರೆಗೆ ಸೇರಿಸುವ ಮತ್ತು ವಿದ್ಯುತ್ ಚಿಕಿತ್ಸೆ ಕೊಡಿಸುವ ಅಧಿಕಾರವನ್ನು ತನ್ನ ವೈದ್ಯರಿಗೂ ಮನೆಯವರಿಗೂ ಸ್ವಸ್ಥಳಾಗಿದ್ದಾಗಲೇ ಕೊಟ್ಟಿಟ್ಟಳು. ಭಾರತದಲ್ಲಿ ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ, ೨೦೧೮ರ ಮೇ ತಿಂಗಳಿಂದ ಜಾರಿಗೆ ಬಂದು, ಇದಕ್ಕೆ ಸಮೀಪವಾದ ಹಕ್ಕನ್ನು ಪ್ರತಿಯೊಬ್ಬ ವಯಸ್ಕನಿಗೂ ಕೊಟ್ಟಿದೆ. ಯಾವ ಚಿಕಿತ್ಸೆ ತನಗೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿಯೇ ಬರೆದಿಡಬಹುದು. ತನ್ನ ಪರವಾಗಿ ನಿಲ್ಲತಕ್ಕವರು ಯಾರೆಂಬುದನ್ನು ಬಿಳಿಯ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು. ಅವರು ತಂದೆ ಅಥವಾ ಗಂಡನೇ ಆಗಿರಬೇಕೆಂಬ ನಿಯಮವಿಲ್ಲ, ಅಕ್ಕನಾಗಬಹುದು, ಗೆಳತಿಯಾಗಬಹುದು. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನು ಅದೇ ಕಾಯಿದೆ ನಿಷೇಧಿಸಿದೆ. ವಿಮೆಯ ಕಂಪೆನಿಗಳು ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದವೆಣಿಸದೆ ವಿಮೆ ಕೊಡಬೇಕೆಂದೂ ಅದರಲ್ಲಿದೆ. ಇಷ್ಟು ಒಳ್ಳೆಯ ಕಾಯಿದೆಯನ್ನು ಓದಿದ ಸಂಸಾರಗಳು ಎಷ್ಟಿವೆಯೋ!

ಸಂಸಾರಗಳು ಹೆದರುವುದು ಕಾಯಿದೆಗಲ್ಲ, ಮದುವೆಗೆ. ಹೆಣ್ಣಿನ ಕಡೆಯವರಾಗಲಿ ಗಂಡಿನ ಕಡೆಯವರಾಗಲಿ ಮುಚ್ಚಿಡುವುದೇ ಜಾಣತನವೆಂದು ತಿಳಿಯುತ್ತಾರೆ. ೧೯೫೫ರ ಹಿಂದೂ ವಿವಾಹ ಕಾಯಿದೆ ಕಾಯಿಲೆಯ ಹೆಸರನ್ನೇ ಅಡ್ಡಿಯಾಗಿ ಹೇಳುವುದಿಲ್ಲ. ದಾಂಪತ್ಯಕ್ಕೂ ಸಂತಾನಕ್ಕೂ ಅನರ್ಹವಾಗುವಷ್ಟು ತೀವ್ರವಾದ ಮನೋವಿಕಾರದಂಥ ಸ್ಥಿತಿಗಳನ್ನು ಹೇಳುತ್ತದೆ. ಔಷಧದಿಂದ ಸ್ವಸ್ಥರಾಗಿ ದುಡಿದು ಬಾಳುವವರಿಗೆ ಆ ಮಾತು ತಾನಾಗಿ ಅನ್ವಯಿಸದು. ಮುಚ್ಚಿಟ್ಟ ಮದುವೆಯಾದರೋ ಕೋರ್ಟಿನ ಮೆಟ್ಟಿಲನ್ನು ಹತ್ತುವುದುಂಟು; ಅದಕ್ಕೂ ಮೊದಲೇ ಅದು ಹುಡುಗಿಯ ಆರೋಗ್ಯವನ್ನು ಕೆಡಿಸುತ್ತದೆ. ಮಾತ್ರೆಯ ಚೀಟಿಯನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿ, ಬಚ್ಚಲುಮನೆಯಲ್ಲಿ ನುಂಗಿ, ರಕ್ತಪರೀಕ್ಷೆಗೆ ಹೋಗಲಾರದೆ, ನೆಂಟರು ತುಂಬಿದ ದಿನ ನುಂಗಲೂ ಆಗದೆ ಎಷ್ಟು ತಿಂಗಳು ನಡೆದೀತು? ಬಸಿರಾದಾಗ ಗುಟ್ಟು ಇನ್ನೂ ಕಠಿನವಾಗುತ್ತದೆ. ವಾಲ್ಪ್ರೋಯೇಟ್ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು. ಆದುದರಿಂದ ಮಕ್ಕಳಾಗುವ ವಯಸ್ಸಿನವರಿಗೆ ವೈದ್ಯರು ಬೇರೆ ಔಷಧವನ್ನು ಮೊದಲೇ ಆರಿಸಬೇಕಾಗುತ್ತದೆ. ಹೆರಿಗೆಯ ಅನಂತರದ ವಾರಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ಬಹಳ ಹೆಚ್ಚು; ಅದೇ ವಾರಗಳಲ್ಲಿ ಕೂಸು ರಾತ್ರಿಯೆಲ್ಲ ಎಬ್ಬಿಸುತ್ತದೆ. ವಿಷಯ ತಿಳಿದ ಗಂಡನಿದ್ದರೆ, ತಿಳಿದ ಅತ್ತೆಯಿದ್ದರೆ, ರಾತ್ರಿಯ ಒಂದು ಸರದಿಯನ್ನು ಅವರು ಹೊತ್ತು ಬಾಣಂತಿಯನ್ನು ಮಲಗಲು ಬಿಡಬಹುದು. ತಿಳಿಯದ ಮನೆಯಲ್ಲಿ ಅವಳು ಮಲಗಿದರೆ ಸೋಮಾರಿ, ಮಲಗದಿದ್ದರೆ ರೋಗಿ.

ಜೇಮಿಸನ್ ತನ್ನ ಕಾಯಿಲೆಯ ವಿಷಯವನ್ನು ಮರೆಮಾಡದೆ ರಿಚರ್ಡ್ ವಯಟ್ ಎಂಬ ಮನೋವೈದ್ಯ ವಿಜ್ಞಾನಿಯನ್ನು ವಿವಾಹವಾದಳು. ಆತ ೨೦೦೨ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಇಂಥ ಆಘಾತದಲ್ಲಿ ಕಾಯಿಲೆ ಮರಳಿ ಬರುವುದೆಂಬ ಭಯ ಸಹಜವಾಗಿಯೇ ಇತ್ತು. ಆ ದಿನಗಳನ್ನು ಕುರಿತು ೨೦೦೯ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಕೆ ದುಃಖವನ್ನೂ ಖಿನ್ನತೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾಳೆ. ದುಃಖವು ಅಲೆಯಂತೆ ಬಂದು ಹೋಗುತ್ತಿತ್ತು. ನೆನಪಿನಿಂದ ಏ‍ಳುತ್ತಿತ್ತು, ಗೆಳೆಯರ ಮಾತಿನಿಂದ ಇಳಿಯುತ್ತಿತ್ತು. ಖಿನ್ನತೆಗೆ ಅಂಥ ಬಿಡುವು ಇರುತ್ತಿರಲಿಲ್ಲ. ಯಾರ ಸಾಂತ್ವನವೂ ಅದರೊಳಕ್ಕೆ ಇಳಿಯುತ್ತಿರಲಿಲ್ಲ. ಆಕೆ ಆಗ ಅತ್ತುದು ಗಂಡನನ್ನು ಕಳೆದುಕೊಂಡ ಹೆಂಗಸಾಗಿ, ರೋಗಿಯಾಗಿ ಅಲ್ಲ.